ಉರಿಯದ ಬೆಂಕಿ

ಇರುಳಿನಲ್ಲಿ ಉರಿಯುತ್ತ ಸಾಗುವ ಪ್ರೇತನೌಕೆಯ ಕಥೆಗಳು ನಾವಿಕರಲ್ಲಿ ಹಳೆಯವು. 1881ರಲ್ಲಿ ಬ್ರಿಟಿಷ್ ರಾಜಕುಮಾರರಿದ್ದ ಹಡಗಿನಿಂದಲೂ ಕೆಂಬೆಳಕಿನ ನೌಕೆಯೊಂದು ಕಂಡಿತೆಂಬ ದಾಖಲೆಯುಂಟು. ಅದನ್ನು ಇಂದು ಪರೀಕ್ಷಿಸುವಂತಿಲ್ಲ. ಆದರೆ ಉರಿಯುವಂತೆ ತೋರುವ ನೀರನ್ನು ನಮ್ಮ ಕುಂದಾಪುರ, ಬೈಂದೂರುಗಳ ಕಡಲಿನಲ್ಲಿಯೇ ನೋಡಬಹುದು. ನಾಕ್ಟಿಲೂಕ ಎಂಬ ಏಕಕೋಶಜೀವಿಗಳು ದಟ್ಟವಾಗಿರುವ ಕತ್ತಲಿರುಳಿನಲ್ಲಿ ದೋಣಿ ನೀರನ್ನು ಸೀಳಿದೊಡನೆ ನೀಲಿಯ ಬೆಳಕೇಳುತ್ತದೆ. ಬಲೆಯೆಳೆದಂತೆ ಕಿಡಿ ಸುರಿಯುತ್ತದೆ. ಕದಡಿದ ಕೋಶದೊಳಗೆ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡುವುದೇ ಇದಕ್ಕೆ ಕಾರಣ. ಕೈಯದ್ದಿದರೆ ಸುಡದು. ಮೊಗವೀರರು ಅಂಜಬೇಕಾದುದು ಬೆಳಕಿಗಲ್ಲ. ಈ ಜೀವಿಗಳು ಮಿತಿಮೀರಿ ಹೆಚ್ಚಿ, ಸತ್ತು ಕೊಳೆತಾಗ ಅಮೋನಿಯ ಹೊರಬೀಳುತ್ತದೆ, ನೀರಿನ ಆಮ್ಲಜನಕ ಕುಗ್ಗುತ್ತದೆ. ಅಲ್ಲಿ ಮೀನುಗಳು ಸಾಯುವುದುಂಟು, ಇಲ್ಲವೆ ದೂರ ಸರಿಯುವುದುಂಟು. ಅಂಥ ನೀರು ಹಗಲಿನಲ್ಲಿ ಕೆಂಪಾಗಿಯೋ ಹಸುರಾಗಿಯೋ ಕಾಣುತ್ತದೆ.