ಕಷಾಯ ಕುಡಿ, ಮಾತ್ರೆ ಬಿಡಬೇಡ

ನೋಡಪ್ಪಾ, ನಿನಗೆ ಶುಗರ್ ಅಂತ ಗೊತ್ತಾದ ಮೇಲೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಿದ್ದಾರೆ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಅಮೃತಬಳ್ಳಿ, ಹಿತ್ತಲಿನ ಇನ್ಸುಲಿನ್ ಗಿಡದ ಎಲೆ. ಇದೆಲ್ಲ ಬರೀ ನಂಬಿಕೆ ಅಂತ ನಾನು ಹೇಳುವುದಿಲ್ಲ. ಗಿಡದಲ್ಲಿ ಮದ್ದಿದೆ. ನೀನು ದಿನಾ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗಿಡವೇ.

ಯುರೋಪಿನಲ್ಲಿ ಗಲೀಗಾ ಅಂತ ಒಂದು ಹೂಗಿಡವಿದೆ. ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಹಿಂದೆ ಅಲ್ಲಿನ ಜನ ಅದನ್ನು ಕೊಡುತ್ತಿದ್ದರಂತೆ. ಅದರೊಳಗಿನ ಗಲೀಜಿನ್ ಎಂಬ ಅಂಶ ಸಕ್ಕರೆ ಇಳಿಸುತ್ತದೆ, ಆದರೆ ಅದು ವಿಷ. ಆ ಗಿಡ ಮೇಯ್ದ ಕುರಿಗಳು ಸತ್ತದ್ದುಂಟು. ಅದೇ ಕುಲದ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗಿ, ಕೊನೆಗೆ 1957ರಲ್ಲಿ ಝಾನ್ ಸ್ಟರ್ನ್ ಎಂಬ ಫ್ರೆಂಚ್ ವೈದ್ಯರು ಮೆಟ್‌ಫಾರ್ಮಿನ್ ಅನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಗಿಡದ ಗುಣ ಉಳಿಯಿತು, ವಿಷ ತಗ್ಗಿತು, ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ ಸಿಕ್ಕಿತು. ಎಲೆ ಅಗಿದರೆ ಆ ಲೆಕ್ಕ ಸಿಗುವುದಿಲ್ಲ. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಸತ್ವ ಒಂದೇ ಇರುವುದಿಲ್ಲ.

ನಮ್ಮ ಅಡುಗೆಮನೆಯ ಮೆಂತ್ಯವನ್ನೇ ತೆಗೆದುಕೋ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದಿನಕ್ಕೆ 25 ಗ್ರಾಂ ಮೆಂತ್ಯ ಕೊಟ್ಟು ಸಕ್ಕರೆ ಇಳಿಯುವುದನ್ನು ಗಮನಿಸಿದ್ದಾರೆ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಬೆರಳಲ್ಲಿ ಹಿಸುಕಿ ನೋಡು, ಲೋಳೆಲೋಳೆಯಾಗಿ ಅಂಟುತ್ತದೆ. ಆ ನಾರು ಹೊಟ್ಟೆಯಲ್ಲಿ ಊಟವನ್ನು ನಿಧಾನ ಮಾಡಿ, ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. ಎಷ್ಟೋ ಜನ ನೀರು ಕುಡಿದು ಕಾಳು ಚೆಲ್ಲುತ್ತಾರೆ. ಬೇಕಾದದ್ದೇ ಆ ಕಾಳು! ಅದನ್ನೂ ಅಗಿದು ತಿನ್ನು, ಇಲ್ಲವೇ ದೋಸೆ ಹಿಟ್ಟಿಗೆ ರುಬ್ಬಿ ಹಾಕಿಸು. ಚಮಚದಷ್ಟರಿಂದ ಶುರು ಮಾಡು, ಹೊಟ್ಟೆ ಒಗ್ಗಿಕೊಳ್ಳಲಿ.

ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಿರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಗೆ ಸಿಹಿ ಗೊತ್ತಾಗದಂತೆ ಮಾಡುತ್ತದೆ. ಸಿಹಿಯ ಚಪಲ ಬಿಡಲಾರದವರಿಗೆ ಅದು ಒಳ್ಳೆಯದೇ. ಆದರೆ ನಾಲಿಗೆಗೆ ಸಿಹಿ ಹತ್ತಲಿಲ್ಲ ಅಂದಮಾತ್ರಕ್ಕೆ ರಕ್ತದ ಸಕ್ಕರೆ ಇಳಿಯಿತು ಅಂದುಕೊಳ್ಳಬೇಡ.

ಹಾಗಲಕಾಯಿ ಪಲ್ಯ, ಗೊಜ್ಜು ಧಾರಾಳವಾಗಿ ತಿನ್ನು. ಲೋಟಗಟ್ಟಲೆ ರಸ ಮಾತ್ರ ಬೇರೆ ಮಾತು. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುವವರು ಅದರ ಮೇಲೆ ಇದನ್ನೂ ಕುಡಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಮೈ ಬೆವರಿ, ಕೈ ನಡುಗಿ, ತಲೆ ಸುತ್ತಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ. ಇನ್ನು ಸೋರೆಕಾಯಿ ರಸ ಕುಡಿಯುವ ರೂಢಿಯಿದ್ದರೆ ಇದು ನೆನಪಿರಲಿ: ಕಾಯಿ ಕಹಿಯಿದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷ. ಅದನ್ನು ಕುಡಿದು ರಕ್ತ ಕಾರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಕಹಿ ಇದ್ದಷ್ಟೂ ಶುಗರಿಗೆ ಒಳ್ಳೆಯದು ಅನ್ನುವ ಮಾತನ್ನು ಇಲ್ಲಿ ನಂಬಬೇಡ. ಮೊದಲು ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡು, ಕಹಿಯಿದ್ದರೆ ಉಗಿದು, ಕಾಯಿ ತಿಪ್ಪೆಗೆ ಹಾಕು.

ನನಗೆ ಹೆದರಿಕೆ ಸೊಪ್ಪಿನದಲ್ಲಪ್ಪಾ. ಕಷಾಯ ಶುರು ಮಾಡಿ, ನಾಲ್ಕು ದಿನ ಹಗುರ ಅನಿಸಿತು ಅಂತ ಮಾತ್ರೆ ನಿಲ್ಲಿಸುತ್ತಾರಲ್ಲ, ಅದರದು. ಏರಿದ ಶುಗರ್ ನೋಯುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಒಳಗೊಳಗೇ ಕಣ್ಣು, ಕಿಡ್ನಿ, ಪಾದದ ನರ ತಿನ್ನುತ್ತದೆ. ಚಿಕ್ಕಂದಿನಿಂದ ಇನ್ಸುಲಿನ್ ಮೇಲೇ ಇರುವ ಮಕ್ಕಳಿಗಂತೂ ಅದನ್ನು ನಿಲ್ಲಿಸಿದರೆ ದಿನಗಳಲ್ಲೇ ಪ್ರಾಣಕ್ಕೆ ಬರುತ್ತದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನೀನು ಕುಡಿಯುವ ರಸ, ತಿನ್ನುವ ಪುಡಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗು. ಬೈಯುತ್ತಾರೆ ಅಂತ ಮುಚ್ಚಿಡಬೇಡ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸು. ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಅನ್ನುವುದನ್ನು ಆ ವರದಿ ನೋಡಿ ಅವರೇ ಹೇಳಲಿ.