ಮಣ್ಣು ಎಷ್ಟು ಎಳೆತ ತಡೆಯುತ್ತದೆ?

ಗೋಡೆ ಕಟ್ಟಲು ನಾವು ಗುಂಡಿ ತೋಡಿ ಮಣ್ಣು ತರುತ್ತೇವೆ. ಒಂದೊಂದು ಸಲ ಗುಂಡಿಯ ಅಂಚು ಕುಸಿಯುತ್ತದೆ. ಕೆಳಗಿದ್ದವರ ಜೀವ ಹೋಗುತ್ತದೆ. "ಅಷ್ಟು ಗಟ್ಟಿ ಮಣ್ಣು, ಹೇಗೆ ಬಿತ್ತು?" ಅಂತ ಆಮೇಲೆ ಕೇಳುತ್ತೇವೆ.

ಮಣ್ಣನ್ನು ಒತ್ತಿದರೆ ತಡೆಯುತ್ತದೆ. ಅದಕ್ಕೇ ಮಣ್ಣಿನ ಗೋಡೆ ಸೂರಿನ ಭಾರ ಹೊರುತ್ತದೆ. ಆದರೆ ಎಳೆದರೆ ಬೇಗ ಬಿರಿಯುತ್ತದೆ. ಈ ಎಳೆತವನ್ನು ಮಣ್ಣು ಎಷ್ಟು ತಡೆಯುತ್ತದೆ? ನಾವೇ ಅಳೆದು ನೋಡೋಣ.

ಬೇಕಾದದ್ದು: ಮೂರು ಹಿಡಿ ಮಣ್ಣು, ನೀರು, ಹಲಗೆ, ಅಳತೆ ಪಟ್ಟಿ.

1. ಮಣ್ಣಿನಿಂದ ಹರಳು, ಬೇರು ತೆಗೆಯೋಣ.
2. ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದೋಣ. ಅರ್ಧ ಗಂಟೆ ಬಿಡೋಣ.
3. ಕೋಡುಬಳೆಗೆ ಹೊಸೆದ ಹಾಗೆ ಹೊಸೆಯೋಣ. ದಪ್ಪ 3 ಸೆಂಟಿಮೀಟರ್ ಇರಲಿ. ಉದ್ದ ಒಂದು ಗೇಣಿಗಿಂತ ಹೆಚ್ಚಿರಲಿ.
4. ಹಲಗೆಯ ಮೇಲಿಟ್ಟು ಅಂಚಿನಿಂದ ಆಚೆಗೆ ಮೆಲ್ಲಗೆ ತಳ್ಳೋಣ.
5. ಮುರಿದು ಬಿದ್ದ ತುಂಡನ್ನು ಅಳೆಯೋಣ.

ತುಂಡು 5 ಸೆಂಟಿಮೀಟರ್‌ಗಿಂತ ಕಡಿಮೆಯೇ? ಮರಳು ಜಾಸ್ತಿ. ಆ ಮಣ್ಣು ಗೋಡೆಗೆ ಆಗದು. 15ಕ್ಕಿಂತ ಹೆಚ್ಚೇ? ಜೇಡಿ ಜಾಸ್ತಿ. ಒಣಗಿದಾಗ ಗೋಡೆ ಬಿರುಕು ಬಿಡುತ್ತದೆ. ಮರಳು ಬೆರೆಸಬೇಕು. ನಡುವೆ ಇದ್ದರೆ ಗೋಡೆಗೆ ಸರಿ.

ತುಂಡು ಯಾಕೆ ಮುರಿಯಿತು? ಜೋತುಬಿದ್ದ ಭಾಗದ ಭಾರ ಮೇಲಿನ ಮಣ್ಣನ್ನು ಎಳೆಯಿತು. ಬಿರುಕು ಮೇಲಿನಿಂದಲೇ ಶುರುವಾಯಿತು.

ಮುರಕಲ್ಲಿನಂಥ ಮೆತು ಕಲ್ಲನ್ನೂ ಪರೀಕ್ಷೆ ಮಾಡುತ್ತಾರೆ. ಅದರ ತುದಿ ಹಿಡಿದು ಎಳೆಯುವುದು ಕಷ್ಟ. ಆದ್ದರಿಂದ ಬಿಲ್ಲೆಯಾಗಿ ಕೊಯ್ದು, ಚಕ್ರದ ಹಾಗೆ ನಿಲ್ಲಿಸಿ, ಯಂತ್ರದಲ್ಲಿ ಮೇಲಿನಿಂದ ಒತ್ತುತ್ತಾರೆ. ಒತ್ತಿದ್ದು ಮೇಲಿನಿಂದ. ಆದರೆ ನಡುವೆ ಕಲ್ಲು ಎರಡೂ ಪಕ್ಕಕ್ಕೆ ಎಳೆಯಲ್ಪಟ್ಟು ಸೀಳುತ್ತದೆ. ಎಷ್ಟು ಭಾರಕ್ಕೆ ಸೀಳಿತು ಅಂತ ನೋಡಿ ಲೆಕ್ಕ ಹಾಕುತ್ತಾರೆ. ಕಾಂಕ್ರೀಟಿಗಾಗಿ ಈ ವಿಧಾನವನ್ನು 1943ರಲ್ಲಿ ಬ್ರೆಜಿಲ್ ದೇಶದ ಇಂಜಿನಿಯರ್ ಕಾರ್ನೇರೊ ತೋರಿಸಿಕೊಟ್ಟರು.

ಈಗ ಗುಂಡಿಯ ಕಡೆ ನೋಡೋಣ. ಕೆಳಗೆ ಒಳಕ್ಕೆ ಕೊರೆದರೆ ಮೇಲಿನ ಅಂಚು ಜೋತು ನಿಲ್ಲುತ್ತದೆ, ಹಲಗೆಯಾಚೆಯ ಮಣ್ಣಿನ ಹಾಗೆಯೇ. ಮೊದಲು ಮೇಲೆ ಬಿರುಕು ಕಾಣುತ್ತದೆ. ಮಳೆ ನೀರು ಇಳಿದರೆ ಮಣ್ಣಿನ ಬಲ ಇನ್ನೂ ಕುಗ್ಗುತ್ತದೆ. ನಮ್ಮ ಪರೀಕ್ಷೆ ಗೋಡೆಯ ಮಣ್ಣಿಗೆ ಮಾತ್ರ. ಅದರಲ್ಲಿ ಗೆದ್ದ ಮಣ್ಣಿನ ಗುಂಡಿಯೂ ಕುಸಿಯಬಹುದು.

ನೆನಪಿಡೋಣ:
ಅಂಚಿನ ಕೆಳಗೆ ಕೊರೆಯುವುದು ಬೇಡ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಅಗೆಯೋಣ.
ಅಗೆದ ಮಣ್ಣನ್ನು ಅಂಚಿನಲ್ಲಿ ಗುಡ್ಡೆ ಹಾಕುವುದು ಬೇಡ.
ಅಂಚಿನಲ್ಲಿ ಬಿರುಕು ಕಂಡರೆ ಎಲ್ಲರೂ ತಕ್ಷಣ ಹೊರಗೆ ಬರೋಣ. ಹಾರೆ, ಬುಟ್ಟಿ ಅಲ್ಲೇ ಇರಲಿ.

ಯೋಚಿಸೋಣ: ನಮ್ಮ ಊರಿನ ಮಣ್ಣಿನ ಗುಂಡಿಯ ಅಂಚಿನಲ್ಲಿ ಬಿರುಕು ಇದೆಯೇ? ಇವತ್ತೇ ದೂರದಿಂದ ನೋಡಿ ಬರೋಣ.