ಬಡಿಸೋನು ನಮ್ಮೋನಾದರೆ

ನಿನ್ನ ಫ್ಲೆಕ್ಸ್ ನೋಡಿದೆ ಕಣಪ್ಪ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ಆಳುದ್ದ ನಿಂತಿದ್ದೀಯ, ಕೈ ಮುಗಿದುಕೊಂಡು. ಕೆಳಗೆ ದಪ್ಪಕ್ಷರದಲ್ಲಿ ಬರೆಸಿದ್ದೀಯ: ನಮ್ಮ ಸಾಹೇಬರಿಗೆ ಕೇಂದ್ರದಲ್ಲಿ ಮಂತ್ರಿಗಿರಿ ಕೊಡಲೇಬೇಕು, ನಮ್ಮೂರು ಉದ್ಧಾರ ಆಗಲೇಬೇಕು. ಗ್ರಾಮ ಪಂಚಾಯ್ತಿ ಮೆಂಬರ್ ಆಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ದಿಲ್ಲಿಗೆ ಆರ್ಡರ್ ಹಾಕ್ತಿದ್ದೀಯ. ಇರಲಿ, ಹುಮ್ಮಸ್ಸಿರೋ ವಯಸ್ಸು. ಈ ವಯಸ್ಸಲ್ಲಿ ಸುಮ್ಮನೆ ಕೂರೋ ಹುಡುಗರನ್ನ ಕಂಡರೆ ನನಗೂ ಆಗಲ್ಲ.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಯಾವ ಸಾಹೇಬರು? ಫೋಟೊದಲ್ಲಿ ಚಿಕ್ಕಬಳ್ಳಾಪುರದ ಎಂ.ಪಿ. ಇದ್ದಾರೆ. ನೀನು ಓಟು ಹಾಕೋದು ಕೋಲಾರಕ್ಕೆ! ಶಿಡ್ಲಘಟ್ಟ, ಚಿಂತಾಮಣಿ ಎರಡೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೋಲಾರದ ಜೊತೆ. ಆ ಕಡೆ ಚಿಕ್ಕಬಳ್ಳಾಪುರದ ಎಂ.ಪಿ. ಗೌರಿಬಿದನೂರಿಂದ ಹಿಡಿದು ಹೊಸಕೋಟೆ, ಯಲಹಂಕ, ನೆಲಮಂಗಲದವರೆಗೂ ಓಡಾಡಬೇಕು. ನೀನು ‘ನಮ್ಮೋನು’ ಅನ್ನೋವಾಗ ನೆಲಮಂಗಲದ ಹುಡುಗನೂ ಅದೇ ಮಾತು ಅಂತಿರ್ತಾನೆ. ಪಾಪ, ಆ ಮನುಷ್ಯ ಎಷ್ಟು ಜನಕ್ಕೆ ನಮ್ಮೋನಾಗಬೇಕು?

ಬಡಿಸೋನು ನಮ್ಮೋನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಊಟ ಸಿಗುತ್ತೆ ಅಂತಾರಲ್ಲ, ನಮ್ಮ ರಾಜಕೀಯವೆಲ್ಲ ಆ ಗಾದೆ ಮೇಲೇ ನಡೀತಿದೆ. ಗಾದೆ ಸುಳ್ಳಲ್ಲ. ಆದರೆ ಅದೇ ಪಂಕ್ತಿಯಲ್ಲಿ ಪಕ್ಕದ ಎಲೆಯವನು ಬರೀ ಉಪ್ಪು, ಉಪ್ಪಿನಕಾಯಿ ನೋಡ್ಕೊಂಡು ಕೂತಿರ್ತಾನಲ್ಲ, ಅವನ ಮುಖ ಯಾವತ್ತಾದರೂ ನೋಡಿದ್ದೀಯಾ? ನಾಳೆ ಸೌಟು ಅವನ ಕಡೆಯವರ ಕೈಗೆ ಹೋಗುತ್ತೆ.

ಎಂ.ಪಿ. ಆದವರು ತಗೊಳ್ಳೋ ಪ್ರಮಾಣ ಬೇರೆ, ಮಂತ್ರಿ ಆದವರು ತಗೊಳ್ಳೋ ಪ್ರಮಾಣ ಬೇರೆ. ಸಂವಿಧಾನದ ಮೂರನೇ ಅನುಸೂಚಿ ತೆಗೆದು ಓದು, ಮೊಬೈಲಲ್ಲೇ ಸಿಗುತ್ತೆ, ರೀಲ್ಸ್ ಮಧ್ಯೆ ಎರಡು ನಿಮಿಷ. ಸಂವಿಧಾನಕ್ಕೆ ನಿಷ್ಠನಾಗಿರ್ತೀನಿ, ಕರ್ತವ್ಯ ಮಾಡ್ತೀನಿ ಅಂದರೆ ಎಂ.ಪಿ.ದು ಮುಗೀತು. ಮಂತ್ರಿ ಮಾತ್ರ ಇನ್ನೊಂದು ಮಾತು ಹೇಳಬೇಕು: ಭಯ, ಪಕ್ಷಪಾತ, ಪ್ರೀತಿ, ದ್ವೇಷ ಯಾವುದೂ ಇಲ್ಲದೆ ಎಲ್ಲ ಥರದ ಜನಕ್ಕೂ ನ್ಯಾಯ ಮಾಡ್ತೀನಿ ಅಂತ. ದ್ವೇಷ ಬಿಡು ಅನ್ನೋದು ಯಾರಿಗಾದರೂ ಅರ್ಥ ಆಗುತ್ತೆ. ಪ್ರೀತಿಯನ್ನೂ ಬಿಟ್ಟು ಬಾ ಅಂತಾರೆ ನೋಡು, ಬರೆದವರು ಬುದ್ಧಿವಂತರು. ನಮ್ಮಂಥ ನೆಂಟರನ್ನೆಲ್ಲ ಕಂಡೇ ಬರೆದಿರಬೇಕು.

ಊರಿಗೆ ಏನೂ ಮಾಡಬಾರದು ಅಂತಲ್ಲ. 1993ರಿಂದ ಸಂಸದರ ನಿಧಿ ಅಂತ ಇದೆ, ಈಗ ವರ್ಷಕ್ಕೆ 5 ಕೋಟಿ. ಅದು ಕ್ಷೇತ್ರಕ್ಕೆ ಅಂತಲೇ ಇರೋ ದುಡ್ಡು. ಅದರಲ್ಲಿ ನಿನ್ನೂರಿಗೆ ಸಮುದಾಯ ಭವನ ಕೇಳು, ಜಗಳ ಮಾಡಿ ಕೇಳು, ನಾನೂ ನಿನ್ನ ಜೊತೆ ಬರ್ತೀನಿ. ಮಂತ್ರಿಯ ಇಲಾಖೆ ದುಡ್ಡು ಹಾಗಲ್ಲ, ಅದು ದೇಶಕ್ಕೆಲ್ಲ ಸೇರಿದ್ದು.

ಮುದ್ದೇನಹಳ್ಳಿಗೆ ಹೋಗಿದ್ದೀಯಲ್ಲ? ನಂದಿ ಬೆಟ್ಟಕ್ಕೆ ಹೋಗೋವಾಗ ಸೆಲ್ಫಿ ತಗೊಂಡು ಬಂದಿರ್ತೀಯ. ಆ ಊರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾಗೋ ಮುಂಚೆ ನೆಂಟರಿಷ್ಟರನ್ನೆಲ್ಲ ಕರೆದು, ನನ್ನ ಹತ್ತಿರ ಯಾರೂ ಶಿಫಾರಸು ತರಬಾರದು, ಒಪ್ಪಿದರೆ ಮಾತ್ರ ದಿವಾನಗಿರಿ ಅಂದರಂತೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋ ಕಥೆ. ಕಥೆ ಬದಿಗಿಡು, ಅವರು ಮಾಡಿದ ಕೆಲಸಗಳ ಪಟ್ಟಿ ನೋಡು. ಕಟ್ಟೆ ಕನ್ನಂಬಾಡಿಯಲ್ಲಿ. ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿ. ಯೂನಿವರ್ಸಿಟಿ ಮೈಸೂರಲ್ಲಿ. ಬ್ಯಾಂಕು, ಸಾಹಿತ್ಯ ಪರಿಷತ್ತು ಬೆಂಗಳೂರಲ್ಲಿ. ಮುದ್ದೇನಹಳ್ಳಿಗೆ ಏನು ಬಂತು? ಅವರ ಸಮಾಧಿ ಬಂತು.

‘ತಾತ, ಅವರಿಗೆ ಓಟು ಬೇಕಿರಲಿಲ್ಲ’ ಅಂತೀಯ. ಗೊತ್ತಿತ್ತು ಅಂತೀಯ ಅಂತ. ಒಳ್ಳೇ ಮಾತೇ. ಅದಕ್ಕೇ ಓಟು ಬೇಕಾದವರ ವಿಚಾರಕ್ಕೆ ಬರೋಣ.

ವೀರಪ್ಪ ಮೊಯ್ಲಿಯವರು ಕರಾವಳಿಯವರು, ಕಾರ್ಕಳದಿಂದ ಶಾಸಕರಾದವರು. 2009ರಲ್ಲಿ, 2014ರಲ್ಲಿ ನಮ್ಮ ಚಿಕ್ಕಬಳ್ಳಾಪುರದಿಂದ ಗೆದ್ದರು. ಇಲ್ಲಿ ನಮಗೆ ಕುಡಿಯೋಕೆ ನೀರಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ, ನೀರಲ್ಲಿ ಫ್ಲೋರೈಡು. ಅದಕ್ಕೆ ಅವರು ಪಟ್ಟು ಹಿಡಿದದ್ದು ಎತ್ತಿನಹೊಳೆ ಯೋಜನೆ, ಅಂದರೆ ನೇತ್ರಾವತಿಗೆ ಸೇರೋ ಹಳ್ಳಗಳ ನೀರನ್ನ ಸಕಲೇಶಪುರದ ಕಡೆ ತಡೆದು, ಎತ್ತಿ, ಈ ಕಡೆ ಹರಿಸೋದು, 24 ಟಿ.ಎಂ.ಸಿ. ಇಲ್ಲಿ ಅವರು ಭಗೀರಥ, ಹುಟ್ಟಿದ ಸೀಮೆಯಲ್ಲಿ ನದಿ ತಿರುಗಿಸಿದವರು. ಮಂಗಳೂರಲ್ಲಿ ವಿರೋಧ ಎದ್ದಿತು. ಅಷ್ಟರಲ್ಲಿ 2013ರ ಡಿಸೆಂಬರಲ್ಲಿ, ಪೆಟ್ರೋಲಿಯಂ ಖಾತೆ ಜೊತೆಗೆ ಪರಿಸರ ಮತ್ತು ಅರಣ್ಯ ಖಾತೆಯೂ ಅವರಿಗೇ ಬಂತು. ಮುಂದಿನ ಮಾರ್ಚಲ್ಲಿ ಚುನಾವಣೆ ಹೊಸ್ತಿಲಲ್ಲಿ ಯೋಜನೆಗೆ ಶಂಕುಸ್ಥಾಪನೆ, ಅದೂ ಮುದ್ದೇನಹಳ್ಳಿ ಹತ್ತಿರವೇ.

ಅವರು ತಪ್ಪು ಮಾಡಿದರು ಅಂತ ನಾನು ಹೇಳಲ್ಲ. ನೀರು ಕೇಳಿದ್ದು ನಾವೇ, ಕೇಳಿದ್ದರಲ್ಲಿ ತಪ್ಪೂ ಇಲ್ಲ. ಆದರೆ ಆ ಜಾಗದಲ್ಲಿ ನಿನ್ನನ್ನ ಕೂರಿಸಿಕೊಂಡು ಯೋಚನೆ ಮಾಡು. ಒಂದು ಕೈಯಲ್ಲಿ ಕ್ಷೇತ್ರದ ಬಾಯಾರಿಕೆ, ಇನ್ನೊಂದು ಕೈಯಲ್ಲಿ ದೇಶದ ಕಾಡಿನ ಬೀಗದಕೈ. ನೀನು ನೂರಕ್ಕೆ ನೂರು ನ್ಯಾಯವಾಗೇ ನಡ್ಕೊಂಡರೂ ಕರಾವಳಿ ಕಡೆ ಪುತ್ತೂರಿನವನು ನಂಬ್ತಾನಾ? ನಂಬಲ್ಲ. ಅಂಥ ಹೊತ್ತಲ್ಲಿ ‘ಈ ಒಂದು ಫೈಲು ನನ್ನ ಮುಂದೆ ಬರೋದು ಬೇಡ, ಬೇರೆಯವರು ನೋಡಲಿ’ ಅಂತ ಮೊದಲೇ ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ ಅರ್ಧ ಬೈಗುಳ ತಪ್ಪುತ್ತೆ. ಇದು ಪಂಚಾಯ್ತಿಗೂ ಅನ್ವಯ. ಹೋದ ಸಲ ನಿಮ್ಮ ಚಿಕ್ಕಪ್ಪನ ಖಾತೆ ವಿಚಾರ ಬಂದಾಗ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದ್ದು ನೀನೇ ಅಂತ ಕೇಳಿದೆ.

ನೀರು ಬಂತಾ ಅಂದರೆ, ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದೇ 2024ರ ಸೆಪ್ಟೆಂಬರಲ್ಲಿ. 2019ರಲ್ಲಿ ಮೊಯ್ಲಿಯವರು ಇಲ್ಲಿ ಸೋತೂ ಆಗಿತ್ತು. ಊರಿನ ನೆನಪು ಅಷ್ಟೇ ಉದ್ದ.

ದೇವೇಗೌಡರ ಕಷ್ಟ ಇನ್ನೂ ದೊಡ್ಡದು. ಜೀವಮಾನವೆಲ್ಲ ಕಾವೇರಿ, ಕೃಷ್ಣೆ ಅಂತ ಲೆಕ್ಕ ಹಾಕಿದ ಹಾಸನದ ಮನುಷ್ಯ 1996ರಲ್ಲಿ ಪ್ರಧಾನಿ. ಆಲಮಟ್ಟಿ ಎತ್ತರದ ಬಗ್ಗೆ ಚಂದ್ರಬಾಬು ನಾಯ್ಡು ಗಲಾಟೆ, ಕಾವೇರಿ ವಿಚಾರದಲ್ಲಿ ಎದುರಿಗೆ ಕರುಣಾನಿಧಿ. ಇಬ್ಬರೂ ಅವರ ಸರ್ಕಾರವನ್ನ ಹೊತ್ತುಕೊಂಡಿದ್ದವರೇ. ಇಲ್ಲಿ ನಮ್ಮವರು, ಪ್ರಧಾನಿಯೇ ನಮ್ಮೋರು, ಇನ್ನೇನು ಅಂತ ಕಾಯ್ತಿದ್ದರು. ಆ ಡಿಸೆಂಬರಲ್ಲಿ ಅವರು ರುಜು ಹಾಕಿದ್ದು ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ. ಮುಂದಿನ ಜನವರಿಯಲ್ಲಿ ಅಸ್ಸಾಮಿಗೆ ಹೋಗಿ ಬ್ರಹ್ಮಪುತ್ರೆಗೆ ಬೋಗಿಬೀಲ್ ಸೇತುವೆ ಕಲ್ಲು ಹಾಕಿ ಬಂದರು. ಅಸ್ಸಾಮಲ್ಲಿ ಅವರಿಗೆ ಓಟೆಷ್ಟು? ಸೊನ್ನೆ. ಗೌಡರ ರಾಜಕೀಯದಲ್ಲಿ ನನಗೆ ಒಪ್ಪದ್ದು ಬೇಕಾದಷ್ಟಿದೆ, ಮನೆ ಮಂದಿ ವಿಚಾರವಂತೂ ಕೇಳಲೇಬೇಡ. ಆದರೆ ಆ ಹತ್ತು ತಿಂಗಳಲ್ಲಿ ಆ ಕುರ್ಚಿಗೆ ಅವರು ಹಾಸನದವರು ಮಾತ್ರ ಆಗಿರಲಿಲ್ಲ.

ಹಾಗಂತ ಹಾಸನವನ್ನ ಬಿಟ್ಟರಾ? ಬೆಂಗಳೂರು–ಹಾಸನ ರೈಲು ಮಾರ್ಗಕ್ಕೆ ಅವರ ಕಾಲದಲ್ಲೇ ಮಂಜೂರಾತಿ. ರೈಲು ಓಡಿದ್ದು 2017ರಲ್ಲಿ! ಮಂಜೂರು ಮಾಡಿದವರು ಇಳಿದ ಮೇಲೆ ಇಪ್ಪತ್ತು ವರ್ಷ ಕಾಯಬೇಕಾಯ್ತು.

ನಮ್ಮ ರೈಲಿನ ಕಥೆಯನ್ನೂ ಇದರ ಪಕ್ಕ ಇಟ್ಟು ನೋಡು. ಕೆ.ಎಚ್. ಮುನಿಯಪ್ಪನವರು ನಿಮ್ಮ ಶಿಡ್ಲಘಟ್ಟ ತಾಲ್ಲೂಕಿನವರೇ, ಕಂಬದಹಳ್ಳಿ. ಕೋಲಾರದಿಂದ ಏಳು ಸಲ ಎಂ.ಪಿ., 2009ರಲ್ಲಿ ರೈಲ್ವೆ ರಾಜ್ಯ ಸಚಿವರಾದವರು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಹಳೇ ನ್ಯಾರೋ ಗೇಜು ಬ್ರಾಡ್ ಗೇಜ್ ಆಗಿ 2013ರಲ್ಲಿ ಗಾಡಿ ಓಡಿತು. ಅವರ ಓಡಾಟ ಅದರಲ್ಲಿ ಖಂಡಿತ ಇದೆ. ಆದರೆ ಅದರ ಬೇರು ಎಲ್ಲಿದೆ ಗೊತ್ತಾ? ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ, ದೇಶಕ್ಕೆಲ್ಲ ಒಂದೇ ಗೇಜ್ ಅಂತ ಶುರು ಮಾಡಿದರಲ್ಲ, ಅಲ್ಲಿ. ರಾಜಸ್ಥಾನಕ್ಕೂ ಅದೇ, ಗುಜರಾತಿಗೂ ಅದೇ, ಚಿಂತಾಮಣಿಗೂ ಅದೇ. ಮಂತ್ರಿಗಳು ಬದಲಾದರೂ ಅದು ನಿಲ್ಲಲಿಲ್ಲ. ಅದೇ ಶ್ರೀನಿವಾಸಪುರದ ಕೋಚ್ ಫ್ಯಾಕ್ಟರಿ ನೋಡು. ನಮ್ಮೋರು ದಿಲ್ಲಿಯಲ್ಲಿದ್ದಾರೆ ಅಂತ ಬಂದ ಯೋಜನೆ. ಸರ್ಕಾರ ಬದಲಾಯ್ತು, ಫ್ಯಾಕ್ಟರಿ ಏಳಲಿಲ್ಲ. ಅದೊಂದೇ ಕಾರಣ ಅಂತಲ್ಲ, ಆದರೆ ಆ ಫೈಲಿಗಾಗಿ ಅಳೋರು ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ.

ಮೆಡಿಕಲ್ ಕಾಲೇಜ್ ವಿಚಾರವಂತೂ ನಿನ್ನ ಕಣ್ಣೆದುರೇ ಆಗಿದ್ದು. 2019ರಲ್ಲಿ ಕನಕಪುರಕ್ಕೆ ಅಂತಿದ್ದದ್ದು ಚಿಕ್ಕಬಳ್ಳಾಪುರಕ್ಕೆ ಬಂತು. ನಾವು ಪಟಾಕಿ ಹೊಡೆದೆವು, ಅವರು ಬಾಯಿ ಬಡ್ಕೊಂಡರು. ಅದಕ್ಕೂ ಮುಂಚೆ ‘ನಮಗೆ ಬರಬೇಕಿದ್ದದ್ದು ಕನಕಪುರಕ್ಕೆ ಹೋಯ್ತು’ ಅಂತ ಬಾಯಿ ಬಡ್ಕೊಂಡಿದ್ದು ನಾವು. ಇಷ್ಟು ರೋಗಿಗಳಿಗೆ, ಇಷ್ಟು ದೂರಕ್ಕೆ ಒಂದು ಅಂತ ನಿಯಮ ಇದ್ದಿದ್ದರೆ ಎರಡೂ ಊರಿನವರು ಗಂಟಲು ಉಳಿಸ್ಕೊಬಹುದಿತ್ತು.

ನಾನೂ ಹಿಂದೆ ಒಂದು ನಿಯೋಗದ ಜೊತೆ ದಿಲ್ಲಿಗೆ ಹೋಗಿದ್ದೆ. ಮಂತ್ರಿಗಳ ಹೆಸರು ಬೇಡ. ಎರಡು ಪೆಟ್ಟಿಗೆ ದ್ರಾಕ್ಷಿ, ಒಂದು ರೇಷ್ಮೆ ಶಾಲು, ಒಂದು ಪೇಟ. ರಾತ್ರಿ ಮನೆಗೆ ಕರೆದು ಊಟ ಹಾಕಿದರು, ಮುದ್ದೆ ಬಸ್ಸಾರು, ಊರಿನ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದರು. ಬೆಳಿಗ್ಗೆ ಆಫೀಸಿಗೆ ಹೋದರೆ ಬಿಹಾರದವರ ಹಿಂದೆ, ಒಡಿಶಾದವರ ಹಿಂದೆ ಕೂರಿಸಿದರು. ಸರದಿ ಬಂದಾಗ ಮನವಿ ಓದಿ, ‘ಇದರಲ್ಲಿ ನಮ್ಮೂರು ಅನ್ನೋದು ಬಿಟ್ಟರೆ ಬೇರೆ ಕಾರಣ ಬರೆದಿಲ್ಲವಲ್ಲ’ ಅಂದರು. ನಮ್ಮ ಮುಖಂಡರು ವಾಪಸ್ ಬರೋವಾಗ ರೈಲಲ್ಲಿ ಅನಂತಪುರದವರೆಗೂ ಮಾತಾಡಲಿಲ್ಲ. ನನಗೆ ಮಾತ್ರ ಆ ಮನುಷ್ಯ ಅವತ್ತಿಂದ ಹಿಡಿಸಿದರು.

ಈಗ ನಿನ್ನ ಮನವಿಗೆ ಬರೋಣ. ಶಿಡ್ಲಘಟ್ಟದ ಸ್ಟೇಷನ್ನಲ್ಲಿ ಇನ್ನೊಂದು ರೈಲು ನಿಲ್ಲಿಸಿ ಅಂತ ಬರೆದಿದ್ದೀಯಲ್ಲ, ಅದರಲ್ಲಿ ಮೂರು ಪ್ಯಾರಾ ಹೊಗಳಿಕೆ ತೆಗಿ. ರೇಷ್ಮೆ ಗೂಡಿನ ಮಾರುಕಟ್ಟೆಗೆ ದಿನಕ್ಕೆ ಎಷ್ಟು ಜನ ರೈತರು, ರೀಲರ್‌ಗಳು ಬರ್ತಾರೆ, ಎಲ್ಲಿಂದ ಬರ್ತಾರೆ, ಬಸ್ಸಿಗೆ ಎಷ್ಟು ಕೊಡ್ತಾರೆ, ಅಲ್ಲೇ ಕೂತು ಒಂದು ವಾರ ಬರೆದುಕೋ. ಇಂಥದ್ದೇ ಜನ ಓಡಾಟ ಇರೋ ಬೇರೆ ಸ್ಟೇಷನ್‌ಗಳಿಗೆ ಎಷ್ಟು ಗಾಡಿ ಕೊಟ್ಟಿದ್ದಾರೆ ಅಂತ ಪಕ್ಕದಲ್ಲಿ ಹಾಕು. ಆಮೇಲೆ ಕೋಲಾರದ ಎಂ.ಪಿ. ಹತ್ತಿರ ತಗೊಂಡು ಹೋಗು. ಫ್ಲೆಕ್ಸಲ್ಲಿರೋರ ಹತ್ತಿರ ಅಲ್ಲ, ನೀನು ಓಟು ಹಾಕಿದ್ದೀಯಲ್ಲ, ಅವರ ಹತ್ತಿರ. ದ್ರಾಕ್ಷಿ ಬೇಕಾದರೆ ತಗೊಂಡು ಹೋಗು, ಆದರೆ ಮನೆಗೆ ಕೊಡು, ಆಫೀಸಿಗೆ ಬೇಡ.